ಬೆನ್ನ ಮೇಲಿನ ಜಿಪ್ಪು

ನಿರ್ದೇಶಕರಿಗೆ, ನಿಮ್ಮ ಸೆಟ್ಟಿನ ಟೈಲರಕ್ಕನ ನಮಸ್ಕಾರ.

ನಾಲ್ವರು ಸೂಪರ್ ಹೀರೋಗಳ ಉಡುಪಿಗೂ ಜಿಪ್ಪನ್ನು ಬೆನ್ನಿಗೆ ಇಟ್ಟದ್ದು ನನ್ನದೇ ತಪ್ಪು, ಒಪ್ಪಿದೆ. ಅದಕ್ಕೆ ನಿನ್ನೆ ಎಲ್ಲರೆದುರು, "ಲೋಕ ಕಾಯೋರಿಗೆ ತಮ್ಮ ಬಟ್ಟೆ ತಾವು ಹಾಕ್ಕೊಳ್ಳೋಕೆ ಆಗಲ್ವೇನಕ್ಕಾ?" ಎಂದು ಕೂಗಾಡಿದಿರಲ್ಲ, ಆಮೇಲೆ ನನ್ನ ಕೋಣೆಯಲ್ಲಿ ಆದದ್ದು ನಿಮಗೆ ಗೊತ್ತೇ?

ಬೆಂಕಿ ಹೀರೋಗೂ ಮಿಂಚು ಹೀರೋಗೂ ಮಾತು ಬಿಟ್ಟು ಎರಡು ತಿಂಗಳು. ಪೋಸ್ಟರಿನಲ್ಲಿ ಯಾರ ಹೆಸರು ಮೊದಲು ಎಂಬ ಜಗಳ. ನನ್ನ ಕೈಗೆ ಬಿಡುವಿರಲಿಲ್ಲ. ಮಿಂಚು ತೋಳು ತಿರುಚಿ ತಿರುಚಿ ಸಾಕಾಗಿ, ಗೋಡೆ ನೋಡುತ್ತಾ, "ಅಣ್ಣಾ, ಸ್ವಲ್ಪ ಎಳೀತೀಯಾ?" ಅಂದ. ಬೆಂಕಿ ಎಳೆದ. ಎಳೆದು, ತನ್ನದನ್ನೂ ಎಳೆಯಲೆಂದು ಬೆನ್ನು ತಿರುಗಿಸಿ ನಿಂತ.

ನಿಮ್ಮ ಕಥೆಯಲ್ಲಿ ಇಂಥದ್ದೊಂದು ಗಳಿಗೆ ಇದೆಯೇ ಸ್ವಾಮಿ? ನಾಲ್ವರನ್ನು ಸಾಲಾಗಿ ನಿಲ್ಲಿಸಿ ಫ್ಯಾನ್ ಹಾಕಿದರೆ ಅದು ತಂಡವಲ್ಲ, ಬಟ್ಟೆ ಒಣಹಾಕಿದ ತಂತಿ. ಒಬ್ಬನಿಗೆ ಎಟುಕದ್ದು ಇನ್ನೊಬ್ಬನಿಗೆ ಎಟುಕಬೇಕು.

ಜಿಪ್ಪನ್ನು ಮುಂದಕ್ಕೆ ತರಬೇಕೆಂದು ಹೇಳಿ ಕಳಿಸಿದ್ದೀರಿ. ತರುವುದಿಲ್ಲ. ನಾಳೆ ಕ್ಯಾಮೆರಾವನ್ನು ನನ್ನ ಕೋಣೆಗೆ ತನ್ನಿ, ಇಲ್ಲವೇ ಬೇರೆ ಟೈಲರನ್ನು ನೋಡಿಕೊಳ್ಳಿ.

ಅಂದ ಹಾಗೆ, ನಿನ್ನೆ ಕೂಗಾಡುವಾಗ ನಿಮ್ಮ ಅಂಗಿ ಬೆನ್ನಿನಲ್ಲಿ ಹೊಲಿಗೆ ಬಿಟ್ಟಿತ್ತು. ಯಾರೂ ಹೇಳಲಿಲ್ಲ. ಕಳಿಸಿಕೊಡಿ, ಹೊಲಿದುಕೊಡುತ್ತೇನೆ.

ಇಂತಿ,
ತಪ್ಪು ಹೊಲಿದ ಟೈಲರಕ್ಕ