ಮಿಡತೆಯ ಕಾಲು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯುವುದಿದ್ದರೆ ಬೈ, ಆದರೆ ಪೂರ್ತಿ ಓದಿದ ಮೇಲೆ. ಒಳ್ಳೆಯ ಸುದ್ದಿ ಸಿಗುವ ತನಕ ಪೆನ್ನು ಹಿಡಿಯಬಾರದೆಂದು ಹಟ ಮಾಡಿದ್ದೆ. ನಿನ್ನೆ ಸಿಕ್ಕಿತು.

ಸದಾ ಜಿಗಿದಾಡುವ ನಮ್ಮ ಮಗಳು ಮಿಡತೆಗೆ ಕಾಲುನೋವು ಎಂದಷ್ಟೇ ನಿನಗೆ ಗೊತ್ತು. ಸೆಪ್ಟೆಂಬರಿನಲ್ಲಿ ಉದ್ದಜಿಗಿತದ ಅಭ್ಯಾಸದಲ್ಲಿ ಮರಳಿನ ಗುಂಡಿಗೆ ಬಿದ್ದಾಗ ಪಾದ ಹೊರಳಿತು. ಊತ ಇಳಿದರೂ ನೋವು ಇಳಿಯಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸ್ಕ್ಯಾನ್ ಮಾಡಿಸಿದಾಗ, ಪಾದದ ಕೀಲಿನೊಳಗೆ ಮೂಳೆಗೆ ಹೊದಿಸಿದಂತಿರುವ ಮೃದ್ವಸ್ಥಿಗೇ ಪೆಟ್ಟಾಗಿದೆ ಎಂದು ಗೊತ್ತಾಯಿತು. ಆಪರೇಷನ್ನೇ ಗತಿ ಎಂದುಕೊಂಡೆ.

ಮೂಳೆ ಡಾಕ್ಟರಮ್ಮ ಮಾತ್ರ ನಿಧಾನಸ್ಥೆ. "ಪೆಟ್ಟಾದ ಚೂರು ಕಳಚಿಕೊಂಡಿಲ್ಲ, ಜಾಗದಲ್ಲೇ ಇದೆ. ಹನ್ನೊಂದು ವರ್ಷ, ಮೂಳೆ ಇನ್ನೂ ಬೆಳೀತಿದೆ. ಈಗ್ಲೇ ಆಪರೇಷನ್ ಬೇಡ. ಕಾಲಿಗೆ ಭಾರ ಕೊಡದೆ ಕಾಯೋಣ" ಎಂದರು.

"ಕೂಡ್ಕೊಳ್ದೇ ಇದ್ರೆ?" ಎಂದೆ.

"ಆಗ ಆ ಮಾತು. ಗ್ಯಾರಂಟಿ ಕೊಡಲ್ಲ. ಆದ್ರೆ ಈ ವಯಸ್ಸಲ್ಲಿ ಎಷ್ಟೋ ಮಕ್ಕಳಿಗೆ ಹೀಗೇ ವಾಸಿಯಾಗುತ್ತೆ."

ಆರು ವಾರ ಪ್ಲಾಸ್ಟರ್, ಎರಡು ಊರುಗೋಲು. ನಮ್ಮದು ಮೂರನೇ ಮಹಡಿಯಲ್ಲವೇ? ಪ್ರತಿ ಮೆಟ್ಟಿಲಿಗೂ ಕುಂಡೆ ಊರಿಕೊಂಡು ಹಿಮ್ಮುಖವಾಗಿ ಹತ್ತುತ್ತಿದ್ದಳು. "ನೀನೇನ್ ಮೆಟ್ಟಿಲು ಒರೆಸ್ತಿದೀಯಾ?" ಎಂದು ಅವಳಮ್ಮ ರೇಗಿಸಿದರೆ, "ಸಂಬಳ ಕೊಡಿ ಮತ್ತೆ" ಎನ್ನುತ್ತಿದ್ದಳು. ಪ್ಲಾಸ್ಟರ್ ಬಿಚ್ಚಿದ ದಿನ ಮಾತ್ರ ಸೊರಗಿದ ಮೀನಖಂಡ ನೋಡಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೊಣಕಾಲವರೆಗಿನ ಬೂಟು, ಫಿಸಿಯೋಥೆರಪಿ, ಕಾಲ್ಬೆರಳಲ್ಲಿ ಗೋಲಿ ಹೆಕ್ಕುವ ವ್ಯಾಯಾಮ, ವಾರಕ್ಕೆರಡು ದಿನ ಈಜು. ಅಲಮಾರಿನ ಕೆಳಗೆ ಈಗಲೂ ಗೋಲಿ ಸಿಗುತ್ತವೆ.

ನಿನ್ನೆ ಡಾಕ್ಟರಮ್ಮ ಹಳೆಯ, ಹೊಸ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಗಾಯದ ಕಲೆ ಅರ್ಧಕ್ಕೂ ಕಡಿಮೆಯಾಗಿದೆ. ನಡೆಯಬಹುದು, ಸೈಕಲ್ ತುಳಿಯಬಹುದು. ಓಟ, ಜಿಗಿತ ಇನ್ನೂ ಮೂರು ತಿಂಗಳು ಇಲ್ಲ. "ಆಮೇಲೆ ಜಿಗೀಬಹುದಾ?" ಎಂದು ಕೇಳಿದಳು. "ನೋವು ಬಂದ ತಕ್ಷಣ ಹೇಳ್ತೀನಿ ಅಂತ ಮಾತು ಕೊಟ್ರೆ" ಎಂದರು.

ಮಾತು ಕೊಟ್ಟಿದ್ದಾಳೆ. ಭಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಹಾರೈಕೆ ಅವಳ ಮೇಲಿರಲಿ, ಮಿಕ್ಕಿದ್ದು ನನಗೂ ಬರಲಿ.

ನಿನ್ನ ತಮ್ಮ,
ಡ್ರಿಲ್ ಮೇಷ್ಟ್ರು

ಮರೆತ ಮಾತು: ಮರೆತಿದ್ದಲ್ಲ ಅಕ್ಕ, ಬರೆಯಲು ಧೈರ್ಯ ಸಾಲಲಿಲ್ಲ. ಬಿದ್ದ ವಾರದಲ್ಲೇ ಅವಳು ನೋವೆಂದಾಗ, "ಮೇಷ್ಟ್ರ ಮಗಳು ಅಂತ ನಾಟಕ ಆಡ್ಬೇಡ" ಎಂದು ಇಡೀ ತರಗತಿಯೆದುರು ಗದರಿ ಮೂರು ಸಲ ಜಿಗಿಸಿದೆ. "ಬಿದ್ದ ಮೇಲೆ ಮತ್ತೆ ಜಿಗಿದ್ಯಾ?" ಎಂದು ಡಾಕ್ಟರಮ್ಮ ಮೊದಲ ದಿನ ಕೇಳಿದಾಗ, ನನ್ನನ್ನು ಉಳಿಸಲು "ಇಲ್ಲ" ಎಂದಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ನಿನ್ನೆ ಡಾಕ್ಟರಮ್ಮನಿಗೆ ನಿಜ ಹೇಳಿದೆ, ಅಲ್ಲೇ ಮಗಳ ಕ್ಷಮೆ ಕೇಳಿದೆ. "ಹೋಗ್ಲಿ ಬಿಡಪ್ಪಾ" ಎಂದು ಕೈ ಹಿಡಿದಳು. ಆದರೆ ಅವಮಾನ ಮಾಡಿದ್ದು ಆಸ್ಪತ್ರೆಯ ಕೋಣೆಯಲ್ಲಲ್ಲ, ಮೈದಾನದಲ್ಲಿ. ನಾಳೆ ನನ್ನ ಮೊದಲ ಪೀರಿಯಡ್ ಅದೇ ಮಕ್ಕಳಿಗೆ. ಶುರು ಮಾಡುವ ಮೊದಲು ಆ ನಲವತ್ತು ಮಕ್ಕಳೆದುರು ಇದನ್ನೇ ಹೇಳುತ್ತೇನೆ.