ಕಣತಲೆಯ ಗಿರಣಿ

ಸೋಮವಾರ, ಬೆಳಿಗ್ಗೆ

ಇವತ್ತು ಉಪವಾಸ. ಸ್ನಾನ ಆಯಿತು, ದೀಪ ಹಚ್ಚಿದೆ. ನೀರು ತುಂಬಿಸಿ, ಬಟ್ಟೆ ಹಿಂಡಲು ಬಗ್ಗಿದರೆ ಎಡಗಣ್ಣಿನ ಪಕ್ಕ, ಕಣತಲೆಯ ಮೇಲಿನ ಗಂಟು ದಪ್ಪ ಆಯಿತು. ಒಳಗೆ ಅದೇ ಸದ್ದು. ಝುಂ... ಝುಂ... ಎದೆಬಡಿತಕ್ಕೆ ತಾಳ ಹಾಕಿದ ಹಾಗೆ. ಮನೆಯವರು ಹಡಗಿನಿಂದ ರಜಕ್ಕೆ ಬಂದಾಗಲೆಲ್ಲ ಅಲ್ಲಿಗೇ ಕಿವಿ ಇಟ್ಟು ಮಲಗುವುದು. "ಗಿರಣಿ ನಡೀತಿದೆ ಕಣೇ, ಇನ್ನು ನಿದ್ದೆ ಬರುತ್ತೆ." ಹೋಗಿ ಐದು ತಿಂಗಳು. ದಿಂಬಿಗೆ ಕೇಳಿಸಿ ಏನು ಬಂತು.

ಬುಧವಾರ

ಸೊಸೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಸ್ಕ್ಯಾನ್ ತೋರಿಸಿದರು. ಬೆಕ್ಕಿನ ಕೈಗೆ ಸಿಕ್ಕ ದಾರದುಂಡೆ! ರಕ್ತನಾಳಗಳು ಹುಟ್ಟಿನಿಂದಲೇ ಹೀಗೆ ಹೆಣೆದುಕೊಂಡಿವೆಯಂತೆ, ಮುಖದಿಂದ ಮಿದುಳಿನವರೆಗೂ. ಬಲು ಅಪರೂಪವಂತೆ. ಒಡೆದರೆ ಜೀವಕ್ಕೇ ಕುತ್ತು. ತೊಡೆಯಿಂದ ಸಣ್ಣ ನಳಿಗೆ ಬಿಟ್ಟು, ಒಳಗೇ ಅಂಟು ಹಾಕಿ ಮುಚ್ಚುತ್ತಾರಂತೆ.

"ಸದ್ದು?" ಅಂದೆ.

"ಅದೂ ನಿಂತುಹೋಗುತ್ತಮ್ಮ." ಖುಷಿಯ ಸುದ್ದಿ ಅನ್ನುವ ಹಾಗೆ ಹೇಳಿದರು.

ಅಂಟು ಹಾಕುವ ದಿನ ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂದಳು ನರ್ಸು. ಸೊಸೆ ನಕ್ಕಳು, "ಅದೊಂದನ್ನ ನಮ್ಮತ್ತೆಗೆ ಹೇಳಿಕೊಡಬೇಡಿ ಸಿಸ್ಟರ್."

ಶುಕ್ರವಾರದೊಳಗೆ ಒಪ್ಪಿಗೆ ಕಾಗದ ಕೊಡಬೇಕು. ಮನೆಯವರು ಬರೋದು ಇನ್ನೂ ಮೂರು ತಿಂಗಳಿಗೆ. ಅಲ್ಲಿವರೆಗೆ ಕಾಯಬಹುದಾ ಅಂದೆ. ಡಾಕ್ಟರು ಆಗಲ್ಲ ಅಂತ ತಲೆ ಅಲ್ಲಾಡಿಸಿದರು.

ಗುರುವಾರ, ಮಧ್ಯಾಹ್ನ

ಸೊಸೆ ಆ ಸದ್ದನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ ಮಾವನಿಗೆ ಕಳಿಸ್ತೀನಿ ಅಂದಳು. ಗಂಟಿಗೆ ಒತ್ತಿ ಹಿಡಿದೆ. ಉಸಿರು ಬಿಗಿಹಿಡಿದೆ. ಹಾಕಿ ಕೇಳಿದರೆ — ಸೆರಗಿನ ಸರಸರ, ಫ್ಯಾನಿನ ಗೊರಗೊರ. ನನ್ನದು ಒಂದು ಚೂರೂ ಇಲ್ಲ.

"ಇನ್ನೊಂದು ಸಲ."

"ಫ್ಯಾನ್ ಆರಿಸಿಯೂ ನೋಡಿದ್ದಾಯ್ತಲ್ಲ ಅತ್ತೆ. ನಿಮ್ಮ ಗಿರಣಿ ಮಾವನ ಕಿವಿಗೆ ಮಾತ್ರ ಓಡೋದು."

ನಕ್ಕೆ. ಆಮೇಲೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಶನಿವಾರ

ನಿನ್ನೆ ಕಾಗದ ಕೊಡಲಿಲ್ಲ. ನರ್ಸು ಫೋನ್ ಮಾಡಿ, ಇವತ್ತಾದರೂ ಕೊಡಿ ಅಂತ ಬೈದಳು.

ಇವತ್ತು ಮನೆಯವರದೇ ಫೋನು, ಯಾವುದೋ ಬಂದರಿನಿಂದ. ಸೊಸೆ ಎಲ್ಲ ಊದಿದ್ದಾಳೆ. "ಕಣತಲೆಗೆ ಹಿಡಿ" ಅಂದರು. ಹಿಡಿದೆ. ಆಮೇಲೆ, "ಕೇಳ್ತು ಕಣೇ. ಸಾಕು. ರುಜು ಹಾಕು."

ಸುಳ್ಳು. ಫೋನಿಗೆ ಅದು ಕೇಳಿಸೋದಿಲ್ಲ ಅಂತ ನನಗೆ ಗೊತ್ತಿಲ್ಲವಾ.

"ಇನ್ನು ನಿದ್ದೆ ಹೇಗೆ ಮಾಡ್ತೀರಿ?" ಅಂದೆ.

"ಗಿರಣಿ ನಿಂತ್ರೆ ಗಿರಣಿಯವಳು ಎಲ್ಲಿ ಹೋಗ್ತಾಳೆ?"

ರುಜು ಹಾಕಿದೆ. ದೇವರ ಮುಂದೆ ಇಟ್ಟಿದ್ದೇನೆ. ಎತ್ತಿಕೊಡಲು ಕೈ ಬರುತ್ತಿಲ್ಲ. ಸೊಸೆಯನ್ನು ಕೂಗಿದೆ — ದೀಪದ ಪಕ್ಕ ಇದೆ ನೋಡು, ನೀನೇ ಬಂದು ತಗೊಂಡು ಹೋಗು ತಾಯಿ. ಬೇಗ ಬಾ. ಇದಿನ್ನೂ ಝುಂ ಅಂತ...