ಅಪ್ಪನ ತುತ್ತೂರಿಯ ನೀರು

ಟ್ರೆಮೆ, ನ್ಯೂ ಆರ್ಲಿಯನ್ಸ್
ಅಕ್ಟೋಬರ್ 14, 2011, ಶುಕ್ರವಾರ

ಪ್ರೀತಿಯ ತಮ್ಮ ಅಲ್ಸೀಡ್,

ನಿನ್ನ ಬೆನ್ನುನೋವು ಹೇಗಿದೆ? ಹ್ಯೂಸ್ಟನ್ನಿನ ಆ ಮೆತ್ತನೆ ಸೋಫಾ ಬಿಟ್ಟು ಎದ್ದರೆ ಅದು ತಾನೇ ಹೋಗುತ್ತದೆ, ಔಷಧಿ ಬೇಡ. ನಾನು ಗಟ್ಟಿಯಾಗಿದ್ದೇನೆ. ಸೋಮವಾರ ಕೆಂಪು ಬೀನ್ಸು ಬೇಯಿಸುವಾಗ ಈಗಲೂ ಕೈ ತಪ್ಪಿ ನಿನ್ನ ಪಾಲೂ ಹಾಕಿಬಿಡುತ್ತೇನೆ. ಅಪ್ಪನ ಬ್ಯಾಂಡಿನಲ್ಲಿ ದೊಡ್ಡ ಡೋಲು ಹೊಡೆಯುತ್ತಿದ್ದ ಸೆಪ್ಟೀಮ್ ಮಾಮ ಬಂದು ಅದನ್ನು ಮುಗಿಸಿ ಹೋಗುತ್ತಾನೆ.

ಅಪ್ಪನ ತುತ್ತೂರಿಯನ್ನು ಹೊಸ ಮನೆಗೆ ದೀಪ ಮಾಡಿ ಕಳಿಸು ಎಂದಿದ್ದೆಯಲ್ಲ. ಕೆಟ್ಟುಹೋದ ಹಿತ್ತಾಳೆ ವಾದ್ಯಗಳಿಗೆ ತೂತು ಕೊರೆದು, ತಂತಿ ಎಳೆದು ದೀಪ ಮಾಡುವುದೇ ನನ್ನ ಕಸುಬು. ಆರು ವರ್ಷದ ಹಿಂದಿನ ಪ್ರವಾಹದ ಕೆಸರು ತೊಳೆದೆ, ನಗ್ಗು ತೆಗೆದೆ, ಕೊರೆಯಬೇಕಾದ ಕಡೆ ಸೀಮೆಸುಣ್ಣದ ಗುರುತು ಹಾಕಿ ಗೋಡೆಗೆ ತೂಗುಹಾಕಿದೆ. ಬೆಳಿಗ್ಗೆ ನೋಡಿದರೆ ಗುರುತು ಒದ್ದೆಯಾಗಿ ಅಳಿಸಿಹೋಗಿತ್ತು. ಕೆಳಗೆ ನೆಲದ ಮೇಲೆ ನೀರು. ಊದಿದವರ ಉಸಿರು ಕೊಳವೆಯೊಳಗೆ ನೀರಾಗಿ ನಿಂತು, ಗುಂಡಿ ಒತ್ತಿದಾಗ ತೊಟ್ಟಿಕ್ಕುತ್ತದಲ್ಲ, ಅದೇ ನೀರು. ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಸೂರು ಸೋರಿದೆ ಎಂದುಕೊಂಡು ಇನ್ನೊಂದು ಗೋಡೆಗೆ ಹಾಕಿದೆ. ಅಲ್ಲೂ ಅದೇ ಕಥೆ. ನನಗೆ ಭಯವಾಯಿತು ಕಣೋ.

ಸೆಪ್ಟೀಮ್ ಮಾಮನನ್ನು ಕರೆದು ತೋರಿಸಿದೆ. ಬೆರಳು ಅದ್ದಿದ, ಮೂಸಿದ, ಆಮೇಲೆ ಟೋಪಿ ತೆಗೆದ. “ನಿಮ್ಮಪ್ಪ ಇನ್ನೂ ಊದ್ತಾನೇ ಅವನೆ ಕಣವ್ವ. ಅವನನ್ನ ಬಿಟ್ಕೊಟ್ಟೋರು ಯಾರು?” ಎಂದ. ನಿಜವೇ. ಪ್ರವಾಹದ ವರ್ಷ ಊರು ಬಿಟ್ಟು ಬಂದಿದ್ದ ಅಪ್ಪನನ್ನು ನಿಮ್ಮೂರಲ್ಲೇ ಬ್ಯಾಂಡಿಲ್ಲದೆ ಮಣ್ಣು ಮಾಡಿದೆವು. ನಮ್ಮೂರ ವಾಡಿಕೆಯಂತೆ ನಿಧಾನದ ಪದ ಊದುತ್ತ ಹೊರಟು, ದಾರಿಯ ತಿರುವಿನಲ್ಲಿ ಹೆಣದ ಗಾಡಿಯನ್ನು ಮುಂದಕ್ಕೆ ಬಿಟ್ಟುಕೊಟ್ಟು, ಕುಣಿತದ ಪದ ಎತ್ತುವವರು ಒಬ್ಬರೂ ಇರಲಿಲ್ಲ. ಊರಿನ ಎಷ್ಟು ಜನರನ್ನು ಹಾಗೆ ಕಳಿಸಿಕೊಟ್ಟವನು! ತಾನು ಮಾತ್ರ ತಿರುವಿನಲ್ಲೇ ನಿಂತಿದ್ದಾನೆ. ಒಮ್ಮೆ ತೂತು ಕೊರೆದರೆ ಈ ತುತ್ತೂರಿ ಮತ್ತೆಂದೂ ನುಡಿಯುವುದಿಲ್ಲ, ಅವನು ಅಲ್ಲೇ ಉಳಿಯುತ್ತಾನೆ. ನಾನು ಕೊರೆಯುವುದಿಲ್ಲ. ಬೈದರೆ ಬೈದುಕೊ.

ಮಾರ್ವಾಳಿಗೂ ಮಕ್ಕಳಿಗೂ ನನ್ನ ಮುತ್ತು. ದೇವರು ನಿಮ್ಮನ್ನು ಸದಾ ಒಣ ನೆಲದ ಮೇಲೆ ಇಟ್ಟಿರಲಿ.

ನಿನ್ನ ಅಕ್ಕ,
ಒಡೀಲ್

ತಾ.ಕ.: ಮುಂದಿನ ಶನಿವಾರಕ್ಕೆ ಬ್ಯಾಂಡಿನವರಿಗೆ ಹೇಳಿದ್ದೇನೆ, ಹೆಣದ ಗಾಡಿಯನ್ನು ಖಾಲಿಯಾಗೇ ತರುತ್ತಾರೆ; ಈ ಸಲ ಅಪ್ಪನನ್ನು ತಿರುವಿನಲ್ಲಿ ಬಿಟ್ಟುಕೊಡೋಣ. ಅಪ್ಪನ ತುತ್ತೂರಿಯನ್ನು ನೀನೇ ಊದಬೇಕು. ಇನ್ನೊಂದು ಮಾತು. ಇದಕ್ಕೆ ಬಾಯಿಗಿಡುವ ತುಂಡೇ ಇಲ್ಲ; ಅಪ್ಪ ಸತ್ತ ದಿನ ಅವನ ಜೇಬಿನಿಂದ ತೆಗೆದು ನೀನು ಇಟ್ಟುಕೊಂಡೆಯಲ್ಲ. ಈಗಲೇ ಎದ್ದುಹೋಗಿ ಅದನ್ನು ಮುಟ್ಟಿ ನೋಡು. ಒದ್ದೆಯಾಗಿದ್ದರೆ ಒರೆಸಬೇಡ, ಹಾಗೇ ತೆಗೆದುಕೊಂಡು ಬಾ.